ಶರಾವತಿ ಪಂಪ್ಡ್ ಸ್ಟೋರೇಜ್: ಒಳ್ಳೆ ಪರಿಹಾರ ಕೇಳಿ ಊರವರು ಒಪ್ಪಿಕೊಳ್ಳಬಾರದೇ?

ನೀರನ್ನು ಮೇಲಿನ ಜಲಾಶಯಕ್ಕೆ ಎತ್ತಿಟ್ಟು, ಬೇಕಾದಾಗ ಕೆಳಗಿನ ಜಲಾಶಯಕ್ಕೆ ಇಳಿಸಿ ಕರೆಂಟ್ ತೆಗೆಯುವ ಶರಾವತಿ ಯೋಜನೆಗೆ ಎರಡೂ ಜಲಾಶಯ ಮೊದಲಿನಿಂದಲೇ ಇವೆ, ಹೊಸ ಮುಳುಗಡೆ ಇಲ್ಲ, ಕೆಲಸ ಬಹುಪಾಲು ನೆಲದಡಿ. ಹಾಗಿದ್ದ ಮೇಲೆ ಕೂತು ಮಾತಾಡಿ ಒಳ್ಳೆ ಪರಿಹಾರ ತಗೊಂಡು ಮುಗಿಸಬಹುದಲ್ಲ ಅಂತ ಕೇಳಿದ್ದೀರಿ. ನಾನು ಸಾಗರ ತಾಲ್ಲೂಕಿನವನು, ಲಿಂಗನಮಕ್ಕಿ ಮುಳುಗಡೆಯಲ್ಲಿ ಎದ್ದು ಬಂದ ಕುಟುಂಬದವನು. ಈ ಯೋಜನೆ ಬೇಡ ಅನ್ನುವವರಲ್ಲಿ ನಾನೂ ಒಬ್ಬ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ನಿಮ್ಮ ಪ್ರಶ್ನೆ ಪರಿಹಾರದ್ದು. ಅದಕ್ಕೆ ಉತ್ತರ ಹೇಳಬೇಕಾದರೆ 1964ಕ್ಕೆ ಹೋಗಬೇಕು.

ಆ ವರ್ಷ ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಕಣಿವೆಯ ಗದ್ದೆ, ತೋಟ, ದೇವಸ್ಥಾನ ಎಲ್ಲ ನೀರಿನಡಿ ಹೋದವು. ಅಲ್ಲಿ ಉಳುತ್ತಿದ್ದವರಲ್ಲಿ ಎಷ್ಟೋ ಜನ ಗೇಣಿದಾರರು. ಉಳುವವನಿಗೇ ಭೂಮಿ ಅನ್ನುವ ಕಾನೂನು ಗಟ್ಟಿಯಾಗಿ ಬಂದಿದ್ದು 1974ರಲ್ಲಿ, ಅಂದರೆ ನೀರು ನಿಂತು ಹತ್ತು ವರ್ಷದ ಮೇಲೆ. ಹಾಗಾಗಿ ಜಮೀನಿನ ಪರಿಹಾರ ಒಡೆಯರ ಹೆಸರಿಗೆ ಹೋಯಿತು, ನಮ್ಮಜ್ಜನಂಥವರು ಪಾತ್ರೆ-ಪಗಡಿ, ದನಕರು ಕಟ್ಟಿಕೊಂಡು ಲಾರಿ ಹತ್ತಿದರು. ಇಳಿಸಿದ್ದು ಕಾಡಿನಲ್ಲಿ. ‘ಇಲ್ಲಿ ಕಡಿದು ಗದ್ದೆ ಮಾಡಿಕೊಳ್ಳಿ, ಹಕ್ಕುಪತ್ರ ಆಮೇಲೆ’ ಅಂತ ಹೇಳಿದ್ದನ್ನು ಅಜ್ಜ ಸಾಯುವವರೆಗೂ ಹೇಳುತ್ತಿದ್ದರು.

ಆ ‘ಆಮೇಲೆ’ ಇನ್ನೂ ಬಂದಿಲ್ಲ. ದಾಖಲೆಯಲ್ಲಿ ಆ ಜಾಗ ಅರಣ್ಯವಾಗಿಯೇ ಉಳಿಯಿತು. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕೇಂದ್ರದ ಒಪ್ಪಿಗೆ ಇಲ್ಲದೆ ಅದನ್ನು ಬಿಡಿಸಿಕೊಡುವ ಅಧಿಕಾರ ರಾಜ್ಯಕ್ಕೆ ಇಲ್ಲವಾಯಿತು. ಆದರೂ ರಾಜ್ಯ ಸರ್ಕಾರ ಒಪ್ಪಿಗೆ ಪಡೆಯದೆ ಡಿನೋಟಿಫಿಕೇಷನ್ ಆದೇಶಗಳನ್ನು, ಅಂದರೆ ಆ ಜಾಗವನ್ನು ಅರಣ್ಯದಿಂದ ಕೈಬಿಡುವ ಆದೇಶಗಳನ್ನು ಹೊರಡಿಸಿತು, 2021ರಲ್ಲಿ ಹೈಕೋರ್ಟ್ ಅವನ್ನು ರದ್ದು ಮಾಡಿತು. ಅರಣ್ಯ ಹಕ್ಕು ಕಾಯ್ದೆಯಲ್ಲಾದರೂ ಅರ್ಜಿ ಹಾಕೋಣ ಅಂದರೆ, ಪರಿಶಿಷ್ಟ ಪಂಗಡದವರಲ್ಲದವರು 2005ರ ಡಿಸೆಂಬರ್ 13ಕ್ಕೆ ಮುಂಚಿನ ಮೂರು ತಲೆಮಾರು, ಅಂದರೆ 75 ವರ್ಷದ ವಾಸ ತೋರಿಸಬೇಕು. 1960ರ ದಶಕದಲ್ಲಿ ಸರ್ಕಾರವೇ ತಂದು ಇಳಿಸಿದವರು 75 ವರ್ಷ ಎಲ್ಲಿಂದ ತೋರಿಸುವುದು? ಇವತ್ತು ನಮ್ಮ ತೋಟದ ಪಹಣಿ ತೆಗೆಸಿದರೆ ಮಾಲೀಕರ ಹೆಸರಿರಬೇಕಾದ ಕಾಲಂ 9ರಲ್ಲಿ ಅರಣ್ಯ ಅಂತಲೇ ಬರುತ್ತದೆ. ಅಡಿಕೆ ನೆಟ್ಟವರು ನಾವು, ಬೆಳೆ ಸಾಲಕ್ಕೆ ಬ್ಯಾಂಕಿಗೆ ಹೋದರೆ ಆ ಪಹಣಿ ನೋಡಿ ವಾಪಸ್ ಕಳಿಸುತ್ತಾರೆ.

ಹಿನ್ನೀರಿನ ಆಚೆ ಉಳಿದ ತುಮರಿ, ಕರೂರು ಕಡೆಯವರದು ಇನ್ನೊಂದು ಕಥೆ. ಬಸುರಿಯಾಗಲಿ, ಹಾವು ಕಚ್ಚಿದವರಾಗಲಿ ಲಾಂಚಿಗೆ ಕಾಯಬೇಕಿತ್ತು. ಸಂಜೆ ಲಾಂಚ್ ನಿಂತರೆ ಬೆಳಗಿನವರೆಗೂ ದಾರಿಯಿಲ್ಲ. ಆ ಕಡೆಗೆ ದಾರಿ ಮಾಡಿಕೊಟ್ಟ ಸಿಗಂದೂರು ಸೇತುವೆ ಉದ್ಘಾಟನೆಯಾಗಿದ್ದು 2025ರ ಜುಲೈ 14ರಂದು. ಲೆಕ್ಕ ಹಾಕಿ ನೋಡಿ, ಅರವತ್ತು ವರ್ಷ ದಾಟಿತ್ತು.

ಇಷ್ಟಾದ ಮೇಲೆ ಯಾರೋ ಬಂದು ‘ಕೂತು ಮಾತಾಡೋಣ’ ಅಂದರೆ ಜನ ನಂಬುವುದು ಹೇಗೆ ಹೇಳಿ. ಹಳೇ ಲೆಕ್ಕ ಚುಕ್ತಾ ಆಗದೆ ಹೊಸ ಖಾತೆ ತೆರೆಯುವ ಧೈರ್ಯ ನಮ್ಮಲ್ಲಿ ಯಾರಿಗೂ ಇಲ್ಲ.

ಇನ್ನು ಯೋಜನೆಯ ವಿಚಾರ. 2,000 ಮೆಗಾವಾಟ್, ಮೇಲೆ ತಲಕಳಲೆ, ಕೆಳಗೆ ಗೇರುಸೊಪ್ಪ. ಬೇಡಿಕೆ ಜಾಸ್ತಿ ಇರುವ ಹೊತ್ತಿನಲ್ಲಿ ನೀರು ಇಳಿಸಿ ಕರೆಂಟ್ ತೆಗೆಯುವುದು, ಹಗಲು ಸೋಲಾರ್ ಹೆಚ್ಚಿದಾಗ ಅದೇ ನೀರನ್ನು ಮೇಲೆತ್ತುವುದು. ಎತ್ತಲು ಬೇಕಾದ ಕರೆಂಟು ಇಳಿಸುವಾಗ ಸಿಗುವುದಕ್ಕಿಂತ ಯಾವಾಗಲೂ ಹೆಚ್ಚು. ಸಾಮಾನ್ಯವಾಗಿ 100 ಯೂನಿಟ್ ಹಾಕಿದರೆ 75–80 ವಾಪಸ್ ಬರುತ್ತದೆ. ಗ್ರಿಡ್‌ಗೆ ಇಂಥದ್ದೊಂದು ಬೇಕು ಅನ್ನುವುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಜಾಗ ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯದ ಒಳಗಿದೆ. ಸಿಂಗಳೀಕ ನೆಲಕ್ಕೆ ಇಳಿಯುವುದೇ ಅಪರೂಪ, ಕೊಂಬೆಯಿಂದ ಕೊಂಬೆಗೇ ಅದರ ದಾರಿ. ಸುರಂಗ ನೆಲದಡಿ ಇದ್ದರೂ ಅದಕ್ಕೆ ಹೋಗುವ ರಸ್ತೆ, ಮಣ್ಣು ಸುರಿಯುವ ಜಾಗ ಎಲ್ಲ ಮೇಲೆಯೇ ಆಗಬೇಕು. ಮರ ಬಿದ್ದು ಮೇಲಿನ ಹಂದರ ಹರಿದರೆ ಅದರ ದಾರಿಯೂ ಹರಿಯಿತು. 2024ರ ಜುಲೈನಲ್ಲಿ ಉತ್ತರ ಕನ್ನಡದ ಶಿರೂರಿನ ಗುಡ್ಡ ಕುಸಿದಿದ್ದನ್ನು ಕಂಡವರಿಗೆ ಘಟ್ಟದೊಳಗೆ ಸಿಡಿಮದ್ದು ಅಂದರೆ ಎದೆ ಝಲ್ಲೆನ್ನುತ್ತದೆ, ಅದೂ ಸಹಜವೇ.

ಒಪ್ಪಂದ ಅನ್ನುವುದು ಸಾಧ್ಯವೇ ಇಲ್ಲ ಅಂತಲ್ಲ. ಪಾವಗಡದ ಸೋಲಾರ್ ಪಾರ್ಕ್ ನೋಡಿ. ಅಲ್ಲಿ ಜಮೀನು ಕೊಂಡುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ, ಪಹಣಿ ರೈತನ ಹೆಸರಲ್ಲೇ. ಜಮೀನಿಲ್ಲದ ಕೂಲಿಯವರಿಗೆ ಆ ಬಾಡಿಗೆ ಸಿಗಲಿಲ್ಲ, ಕೂಲಿಯೂ ಹೋಯಿತು. ಆ ಅನ್ಯಾಯ ಅನ್ಯಾಯವೇ. ಆದರೂ ಮಾತಾಡಲು ಕೂತ ರೈತನ ಕೈಯಲ್ಲಿ ಪಹಣಿ ಇತ್ತು. ನಮ್ಮಲ್ಲಿ ಬಹಳ ಜನರ ಕೈಯಲ್ಲಿ ಅದೇ ಇಲ್ಲ. ದಾಖಲೆ ಇಲ್ಲದವನು ಅಧಿಕಾರಿಗಳ ಕಣ್ಣಿಗೆ ಒತ್ತುವರಿದಾರ, ಅವನ ಜೊತೆ ಯಾರೂ ಪರಿಹಾರದ ಮಾತಾಡುವುದಿಲ್ಲ.

2025ರ ಸೆಪ್ಟೆಂಬರ್‌ನಲ್ಲಿ ಘಟ್ಟದ ಮೇಲೂ ಕೆಳಗೂ ಈ ಯೋಜನೆಯ ಬಗ್ಗೆ ಸಾರ್ವಜನಿಕ ಅಹವಾಲು ಸಭೆ ನಡೆಯಿತು. ಜನ ಕೂಗಾಡುತ್ತಾರೆ ಅನ್ನುವವರು ಒಂದು ವಿಷಯ ತಿಳಿದುಕೊಳ್ಳಬೇಕು. ಪರಿಸರದ ಮೇಲಿನ ಪರಿಣಾಮ ಅಳೆಯುವ 2006ರ ಅಧಿಸೂಚನೆಯ ಪ್ರಕಾರ ಸಭೆಗೆ ಕೋರಂ, ಅಂದರೆ ಕನಿಷ್ಠ ಇಷ್ಟು ಜನ ಅಂತ ಬೇಕಿಲ್ಲ, ಅಲ್ಲಿ ಮತ ಹಾಕುವುದೂ ಇಲ್ಲ. ಹೇಳಿದ್ದನ್ನು ಬರೆದುಕೊಂಡು, ವಿಡಿಯೊ ಮಾಡಿ, ಕೊನೆಗೆ ನಡಾವಳಿಯನ್ನು ಜನರ ಮುಂದೆ ಅವರ ಭಾಷೆಯಲ್ಲಿ ಓದಿ ಹೇಳಬೇಕು, ಅಷ್ಟೇ. ಎಷ್ಟೇ ಜನ ಬೇಡ ಅಂದರೂ ಅದೊಂದೇ ಕಾರಣಕ್ಕೆ ಯೋಜನೆ ನಿಲ್ಲುವುದಿಲ್ಲ. ಹಾಗಾಗಿ ನಮ್ಮ ಕಡೆಯ ಹುಡುಗರಿಗೆ ನಾನು ಹೇಳುವುದು: ಭಾಷಣದ ಜೊತೆಗೆ ಲಿಖಿತ ಆಕ್ಷೇಪಣೆಯನ್ನೂ ಕೊಡಿ, ಸ್ವೀಕೃತಿ ತಗೊಳ್ಳಿ, ನಡಾವಳಿ ಓದಿ ಮುಗಿಯುವವರೆಗೆ ಜಾಗ ಬಿಟ್ಟು ಏಳಬೇಡಿ.

ನಿಮ್ಮ ಪ್ರಶ್ನೆಗೆ ನೇರವಾಗಿ ಹೇಳುವುದಾದರೆ, ಸರ್ಕಾರಕ್ಕೆ ನಿಜವಾಗಿ ಮಾತುಕತೆ ಬೇಕಿದ್ದರೆ ಮುಳುಗಡೆಯವರ ಜಮೀನಿಗೆ ಕೇಂದ್ರದ ಒಪ್ಪಿಗೆ ತಂದು ಹಕ್ಕುಪತ್ರ ಕೊಟ್ಟು ಬರಲಿ. ಆಮೇಲೆ ಊರೂರಲ್ಲಿ ಗ್ರಾಮಸಭೆ ಕರೆಯಲಿ. ಆ ಸಭೆಯಲ್ಲಿ ನಾನು ಬೇಡ ಅಂತಲೇ ಕೈ ಎತ್ತುತ್ತೇನೆ; ನೆರೆಯವರು ಬೇಕು ಅಂದರೆ ಅವರ ಎದುರು ಕೂತು ವಾದ ಮಾಡುತ್ತೇನೆ.