ಕರೆಂಟ್ ಹೋದಾಗ ಆಡೋಕೆ ಯಾವ ಆಟ?

ಕೈಯಲ್ಲಿ ಹಿಡಿದು ಆಡುವ ಗೇಮ್ ಮಷಿನ್‌ಗಳ ಬಗ್ಗೆ ಪ್ರಶ್ನೆ ಕಳಿಸಿ ಅಂತ ಹೋದ ಸಂಚಿಕೆಯಲ್ಲಿ ಕೇಳಿದ್ದೆ. ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಇದೇ: "ಒಂದು ಒಳ್ಳೆ ಆಟ ಹೇಳಿ ಮೇಡಂ." ಹಾಗೆ ಕೇಳಿದರೆ ಹೇಗೆ ಹೇಳಲಿ? ರೇಸು, ಫೈಟು, ಪಜಲ್ಲು ಅನ್ನೋ ಜಾತಿ ಆಮೇಲೆ. ಎಲ್ಲಿ ಕೂತು ಆಡುತ್ತೀರಿ, ಎಷ್ಟು ಹೊತ್ತು, ಪಕ್ಕದಲ್ಲಿ ಯಾರಿರುತ್ತಾರೆ, ಅದು ಮೊದಲು. ನಾನಿರೋದು ಚಿಕ್ಕಮಗಳೂರು, ಕೆಲಸ ಎಸ್ಟೇಟ್ ಆಫೀಸಿನ ಲೆಕ್ಕ ಬರೆಯೋದು. ಮಳೆಗಾಲದಲ್ಲಿ ಇಲ್ಲಿ ಕರೆಂಟಿನದೂ ನೆಟ್‌ವರ್ಕಿನದೂ ಕಥೆ ನಿಮಗೆ ಗೊತ್ತೇ ಇದೆ. ಹಾಗಾಗಿ ಯಾವ ಆಟ ಕೈಗೆ ಬಂದರೂ ನಾನು ಮೊದಲು ನೋಡೋದು ನೆಟ್ ಇಲ್ಲದೆ ಓಡುತ್ತಾ ಅನ್ನೋದನ್ನ. ಕೆಳಗಿನ ಉತ್ತರಗಳೆಲ್ಲ ಆ ಲೆಕ್ಕದಲ್ಲೇ ಇವೆ.

ಬೆಂಗಳೂರಿನ ಮಗ ರಜೆಗೆ ಬಂದವನು ತನ್ನ ನಿಂಟೆಂಡೊ ಸ್ವಿಚ್ ಓಎಲ್‌ಇಡಿ ನನಗೇ ಕೊಟ್ಟು ಹೋದ. ನನಗೆ 58, ಕಾಫಿ ತೋಟ ಇದೆ. ಮಳೆಗಾಲದಲ್ಲಿ ಸಂಜೆ ಬೇಗ ಮನೆ ಸೇರಿದರೆ ಕರೆಂಟೂ ಇರಲ್ಲ, ಟವರೂ ಇರಲ್ಲ. ಗುಂಡು ಹಾರಿಸೋ ಆಟ ಬೇಡ. ಏನಾಡಲಿ?
— ಬೆಳೆಗಾರರು, ಆಲ್ದೂರು

ಸ್ಟಾರ್‌ಡ್ಯೂ ವ್ಯಾಲಿ. ದಿನವಿಡೀ ತೋಟ ಸುತ್ತಿ ಬಂದವನಿಗೆ ಮತ್ತೆ ತೋಟದ ಆಟವಾ ಅಂತ ಬೈಯಬೇಡಿ, ಕಾರಣ ಇದೆ.

ಅಜ್ಜ ಬಿಟ್ಟು ಹೋದ ಪಾಳು ಜಮೀನಿಗೆ ನೀವು ಹೋಗುತ್ತೀರಿ. ಕಳೆ ಕೀಳಬೇಕು, ಕಲ್ಲು ಒಡೆಯಬೇಕು, ಬಿತ್ತಬೇಕು, ನೀರು ಹಾಕಬೇಕು. ಬೆದರುಬೊಂಬೆ ನಿಲ್ಲಿಸದಿದ್ದರೆ ಕಾಗೆ ಬಂದು ಬೆಳೆ ತಿನ್ನುತ್ತದೆ. ಒಂದು ಋತುವಿಗೆ 28 ದಿನ, ಹೀಗೆ ನಾಲ್ಕು ಋತು. ಮಳೆ ಬಂದ ದಿನ ನೀರು ಹಾಕುವ ಕೆಲಸ ಇಲ್ಲ. ಮೀನು ಹಿಡಿಯಲು ಹೋಗಬಹುದು, ಗಣಿಗೆ ಇಳಿಯಬಹುದು.

ಈ ಆಟದಲ್ಲಿ ಕಾಫಿಯೂ ಇದೆ. ಬೀಜ ಸುಲಭಕ್ಕೆ ಸಿಗಲ್ಲ, ಊರಿಗೆ ಬರುವ ಗಾಡಿ ವ್ಯಾಪಾರಿ ಹತ್ತಿರ ಯಾವಾಗಲಾದರೂ ಇರುತ್ತೆ. ಬಿತ್ತಿದ ಹತ್ತೇ ದಿನಕ್ಕೆ ಗಿಡ ಫಸಲಿಗೆ ಬರುತ್ತದೆ! ಆಮೇಲೆ ಎರಡು ದಿನಕ್ಕೊಮ್ಮೆ ಕೊಯ್ಲು. ಹೂಮಳೆಗೆ ಕಾಯೋದಿಲ್ಲ, ಕಾಂಡ ಕೊರೆಯೋ ಬೋರರ್ ಹುಳ ಇಲ್ಲ, ಕೊಯ್ಲಿಗೆ ಆಳು ಸಿಗಲಿಲ್ಲ ಅನ್ನೋ ಗೋಳಿಲ್ಲ. ಐದು ಬೀಜ ಪೀಪಾಯಿಗೆ ಹಾಕಿದರೆ ಒಂದು ಲೋಟ ಕಾಫಿ ಬರುತ್ತೆ, ಕುಡಿದರೆ ನಡಿಗೆ ಜೋರಾಗುತ್ತೆ. ನಮ್ಮ ಆಫೀಸಿಗೆ ಬರುವ ಬೆಳೆಗಾರರಿಗೆ ಇದನ್ನು ತೋರಿಸಿದಾಗೆಲ್ಲ ಮೊದಲು ನಗುತ್ತಾರೆ, ಆಮೇಲೆ ಸುಮ್ನೆ ಮಷಿನ್ ಇಸ್ಕೊಂಡು ಕೂತುಬಿಡುತ್ತಾರೆ. ಎರಿಕ್ ಬರೋನ್ ಅನ್ನುವ ಒಬ್ಬನೇ ಮನುಷ್ಯ ನಾಲ್ಕು ವರ್ಷಕ್ಕೂ ಮೇಲೆ ಕೂತು ಚಿತ್ರ, ಸಂಗೀತ, ಕಥೆ ಎಲ್ಲ ತಾನೇ ಮಾಡಿ 2016ರಲ್ಲಿ ಹೊರಗೆ ತಂದ ಆಟ ಇದು.

ಒಂದು ಎಚ್ಚರಿಕೆ. ಆಟದ ಒಂದು ದಿನ ನಮ್ಮ ಲೆಕ್ಕದಲ್ಲಿ ಸುಮಾರು 14 ನಿಮಿಷ. ಹಾಸಿಗೆಗೆ ಹೋಗಿ ಮಲಗಿದಾಗ ಮಾತ್ರ ಸೇವ್ ಆಗುತ್ತದೆ. ನಡುವೆ ಪವರ್ ಬಟನ್ ಒತ್ತಿ ಮಷಿನ್ ಮಲಗಿಸಿದರೆ ತೊಂದರೆ ಇಲ್ಲ. ಆದರೆ ಬ್ಯಾಟರಿ ಪೂರ್ತಿ ಖಾಲಿಯಾಗಿ ಆಫ್ ಆದರೆ ಆ ದಿನದ ಕೆಲಸ ಹೋಯಿತು. ನಿಮ್ಮ ಮಷಿನ್ ಆಟ ನೋಡಿಕೊಂಡು ನಾಲ್ಕೂವರೆಯಿಂದ ಒಂಬತ್ತು ಗಂಟೆ ಬಾಳುತ್ತದೆ. ಏರ್‌ಪ್ಲೇನ್ ಮೋಡ್ ಹಾಕಿಡಿ. ಹೇಗೂ ಟವರ್ ಇಲ್ಲವಲ್ಲ, ಅದು ಹುಡುಕಾಡಿ ಚಾರ್ಜ್ ತಿನ್ನೋದಾದರೂ ತಪ್ಪುತ್ತೆ.

ಇದು ಕೈಗೆ ಹತ್ತಿದ ಮೇಲೆ ದೊಡ್ಡ ಆಟ ಬೇಕು ಅನ್ನಿಸಿದರೆ ಜೆಲ್ಡಾ: ಬ್ರೆತ್ ಆಫ್ ದಿ ವೈಲ್ಡ್. ಬೆಟ್ಟ, ಕಾಡು, ಹೊಳೆ, ಯಾವ ಕಡೆ ಬೇಕಾದರೂ ನಡೆಯಬಹುದು, ಯಾವ ಬಂಡೆ ಬೇಕಾದರೂ ಹತ್ತಬಹುದು. ಮಳೆ ಶುರುವಾದರೆ ಬಂಡೆ ಜಾರುತ್ತದೆ, ಹತ್ತಿದಷ್ಟೂ ಕೆಳಗೆ. ಹಚ್ಚಿದ ಬೆಂಕಿ ಆರುತ್ತದೆ. ಗುಡುಗುವಾಗ ಬೆನ್ನ ಮೇಲೆ ಕಬ್ಬಿಣದ ಕತ್ತಿ ಇದ್ದರೆ ಕಿಡಿ ಹಾರಲು ಶುರುವಾಗುತ್ತೆ. ಆಗ ಬೇಗ ತೆಗೆದಿಡಬೇಕು, ಇಲ್ಲದಿದ್ದರೆ ಸಿಡಿಲು ಹೊಡೆಯುತ್ತದೆ. ಬೇರೆ ಊರಿನವರು ಈ ಮಳೆ ಕಂಡು ಸಿಡಿಮಿಡಿ ಆಗುತ್ತಾರೆ. ನೀವು ಒಂದು ಬಂಡೆ ಕೆಳಗೆ ನಿಂತು ಕಾಯುತ್ತೀರಿ, ಅಭ್ಯಾಸ ಇದೆ.

ಮಕ್ಕಳಿಬ್ಬರು, ಒಬ್ಬಳಿಗೆ 11, ಇನ್ನೊಬ್ಬನಿಗೆ 6. ಇಬ್ಬರಿಗೂ ಸೇರಿ ಒಂದೇ ಮಷಿನ್. ಸ್ವಿಚ್ ಲೈಟ್ ಅಗ್ಗ ಅಂತಾರೆ, ತರಲಾ? ಜಗಳ ಆಗದ ಆಟ ಯಾವುದು?
— ಒಬ್ಬ ತಾಯಿ, ಸಕಲೇಶಪುರ

ಲೈಟ್ ಬೇಡ. ಅದರ ಕಂಟ್ರೋಲರ್ ಕಳಚಿ ಬರಲ್ಲ, ಟೀವಿಗೂ ಹಾಕಲಾಗಲ್ಲ. ಒಬ್ಬರೇ ಆಡುವವರಿಗೆ ಅದು ಚೆನ್ನ. ನಿಮಗೆ ಮಾಮೂಲಿ ಸ್ವಿಚ್ಚೇ ಬೇಕು. ಎರಡು ಪಕ್ಕದ ತುಂಡು ಕಳಚಿ ಒಬ್ಬೊಬ್ಬರ ಕೈಗೆ ಒಂದೊಂದು ಕೊಟ್ಟು, ಮಷಿನ್ನನ್ನು ಊಟದ ಟೇಬಲ್ ಮೇಲೆ ನಿಲ್ಲಿಸಬಹುದು.

ಜಗಳ ಆಗದ ಆಟ ಭೂಮಿ ಮೇಲಿಲ್ಲಮ್ಮ. ಕಡಿಮೆ ಆಗೋದು ಇದೆ. ಮಾರಿಯೋ ಕಾರ್ಟ್ 8 ಡಿಲಕ್ಸ್ ತನ್ನಿ, ರೇಸಿನ ಆಟ. ಸಣ್ಣವನಿಗೆ ಸ್ಮಾರ್ಟ್ ಸ್ಟೀರಿಂಗ್ ಮತ್ತು ಆಟೋ ಆಕ್ಸಲರೇಟ್ ಎರಡನ್ನೂ ಹಾಕಿಬಿಡಿ. ಗಾಡಿ ತಾನೇ ಮುಂದೆ ಹೋಗುತ್ತೆ, ರಸ್ತೆ ಬಿಟ್ಟು ಕೆಳಗೆ ಬೀಳಲ್ಲ. ಅಕ್ಕನಿಗೆ ಇದನ್ನು ಹೇಳಲೇಬೇಕು ಅಂತಿಲ್ಲ.

ಎರಡನೆಯದು ಸೂಪರ್ ಮಾರಿಯೋ ಬ್ರದರ್ಸ್ ವಂಡರ್, 2023ರದು. ಓಡಿ ಹಾರಿ ದಾಟುವ ಆಟ. ಇದರಲ್ಲಿ ಯೋಶಿ ಅನ್ನೋ ಹಸಿರು ಪ್ರಾಣಿಯನ್ನು ತಮ್ಮನಿಗೆ ಕೊಡಿ. ಶತ್ರು ತಾಗಿದರೂ ಯೋಶಿಗೆ ಏನೂ ಆಗಲ್ಲ, ಗುಂಡಿಗೆ ಬಿದ್ದರೆ ಮಾತ್ರ ಹೋಗುತ್ತೆ. ಅಕ್ಕ ಅವನ ಬೆನ್ನ ಮೇಲೆ ಕೂತು ಸವಾರಿ ಮಾಡಬಹುದು. ಒಬ್ಬರು ಸತ್ತರೆ ದೆವ್ವವಾಗಿ ತೇಲುತ್ತಾರೆ, ಐದು ಸೆಕೆಂಡಿನೊಳಗೆ ಇನ್ನೊಬ್ಬರು ಮುಟ್ಟಿದರೆ ಜೀವ ವಾಪಸ್. "ಮುಟ್ಟೇ, ಮುಟ್ಟೇ" ಅಂತ ಕೂಗಾಟ ಜಾಸ್ತಿ ಆಗುತ್ತೆ, ಅಡುಗೆಮನೆ ಬಾಗಿಲು ಹಾಕಿಕೊಳ್ಳಿ.

ಇನ್ನೊಂದು ವಿಷಯ. ಆಟದ ಕಾರ್ಡ್ ಪುಟ್ಟದು, ಬೆರಳ ತುದಿಯಷ್ಟು. ಸಣ್ಣ ಮಕ್ಕಳು ಬಾಯಿಗೆ ಹಾಕಿಕೊಳ್ಳದಿರಲಿ ಅಂತ ಅದಕ್ಕೆ ಕಂಪನಿಯವರೇ ಡೆನಟೋನಿಯಂ ಬೆಂಜೋಯೇಟ್ ಅನ್ನೋ ಭಯಂಕರ ಕಹಿ ಸವರಿರುತ್ತಾರೆ. ಯಾರಾದರೂ ನೆಕ್ಕಿ "ಥೂ" ಅಂದರೆ ಗಾಬರಿ ಬೇಡ, ಬಾಯಿ ಮುಕ್ಕಳಿಸಲಿ.

ಸ್ವಿಚ್‌ನಲ್ಲಿ ಕ್ರಿಕೆಟ್ ಇದೆಯಾ?
— ಅರಸೀಕೆರೆ

ಕ್ರಿಕೆಟ್ 19 ಇದೆ. ಆದರೆ ಕ್ರಿಕೆಟ್ ಒಂದಕ್ಕೋಸ್ಕರ ಈ ಮಷಿನ್ ತಗೊಳ್ಳಬೇಡಿ.

ನಾನು ಹಾಸನದಲ್ಲಿ ಎಂಜಿನಿಯರಿಂಗ್ ಓದ್ತಿದ್ದೀನಿ, ಹಾಸ್ಟೆಲ್. ತುಂಬಾ ಕಷ್ಟದ ಆಟ ಬೇಕು. ಫ್ರೆಂಡ್ಸ್ ಹಾಲೋ ನೈಟ್ ಅಂತಾರೆ. ದುಡ್ಡು ಒಂದಕ್ಕೇ ಇದೆ.
— ವಿದ್ಯಾರ್ಥಿ, ಹಾಸನ

ಫ್ರೆಂಡ್ಸ್ ಹೇಳಿದ್ದು ಸರಿ, ಆದರೆ ಪರೀಕ್ಷೆ ಯಾವಾಗ ಅಂತ ನೋಡಿಕೋ ತಮ್ಮಾ. ಹಾಲೋ ನೈಟ್‌ನಲ್ಲಿ ಹೊಸ ಜಾಗಕ್ಕೆ ಹೋದಾಗ ನಕ್ಷೆಯೂ ಇರಲ್ಲ. ನಕ್ಷೆ ಮಾರುವವನನ್ನು ಆ ಕತ್ತಲಲ್ಲಿ ಮೊದಲು ಹುಡುಕಬೇಕು. ಅವನು ಗುನುಗುತ್ತಾ ಕೂತಿರುತ್ತಾನೆ, ದಾರಿಯಲ್ಲಿ ಕಾಗದದ ಹಾಳೆ ಬಿದ್ದಿರುತ್ತವೆ, ಆ ಜಾಡು ಹಿಡಿದು ಹೋಗಬೇಕು. ಚೆನ್ನಾಗಿದೆ. ಆದರೆ ಅರ್ಧ ಗಂಟೆ ಆಡಿ ಎದ್ದು ಹೋಗುವ ಆಟ ಅಲ್ಲ.

ಹಾಸ್ಟೆಲಿಗೆ ನನ್ನ ಓಟು ಹೇಡೀಸ್‌ಗೆ. ಪಾತಾಳದ ದೊರೆಯ ಮಗ ಮನೆ ಬಿಟ್ಟು ಓಡಿ ಹೋಗಲು ನೋಡುತ್ತಾನೆ, ಸತ್ತು ಮತ್ತೆ ಮನೆಗೇ ಬಂದು ಬೀಳುತ್ತಾನೆ, ಅಪ್ಪನ ಕೈಲಿ ಬೈಸಿಕೊಳ್ಳುತ್ತಾನೆ. ಒಂದು ಸಲದ ಓಟ ಸುಮಾರು ಅರ್ಧ ಗಂಟೆ. ಸತ್ತಾಗಲೂ ಕಥೆ ಮುಂದೆ ಹೋಗುತ್ತದೆ, ಅದಕ್ಕೇ ಸೋತ ಬೇಜಾರು ಉಳಿಯಲ್ಲ. ಕಷ್ಟ ಜಾಸ್ತಿಯಾದರೆ ಗಾಡ್ ಮೋಡ್ ಇದೆ. ಸತ್ತಷ್ಟೂ ಪೆಟ್ಟು ತಡೆಯುವ ಶಕ್ತಿ ಸ್ವಲ್ಪ ಸ್ವಲ್ಪ ಏರುತ್ತೆ. ಹಾಕಿಕೊಂಡರೆ ಯಾರೂ ನಗಲ್ಲ, ನಕ್ಕರೆ ಮಷಿನ್ ಅವರ ಕೈಗೆ ಕೊಡು.

ನಿವೃತ್ತ ಶಿಕ್ಷಕ. ಚೆಸ್ ಇಷ್ಟ, ಪತ್ತೇದಾರಿ ಕಾದಂಬರಿ ಇಷ್ಟ. ಕೈ ಸ್ವಲ್ಪ ನಡುಗುತ್ತದೆ, ಪಟಪಟ ಬಟನ್ ಒತ್ತಲಾಗದು. ಮೊಮ್ಮಗಳ ಸ್ವಿಚ್ ಮಧ್ಯಾಹ್ನ ಖಾಲಿ ಇರುತ್ತದೆ.
— ಕೊಪ್ಪ

ಮೇಷ್ಟ್ರೇ, ನಿಮ್ಮ ಪತ್ರವೇ ಎಲ್ಲಕ್ಕಿಂತ ಚೆನ್ನಾಗಿತ್ತು. ಏನು ಬೇಕು, ಏನು ಆಗಲ್ಲ ಎರಡೂ ಬರೆದಿದ್ದೀರಿ.

ಮೊದಲು ಕ್ಲಬ್‌ಹೌಸ್ ಗೇಮ್ಸ್: 51 ವರ್ಲ್ಡ್‌ವೈಡ್ ಕ್ಲಾಸಿಕ್ಸ್. ಒಂದೇ ಕಾರ್ಡಿನಲ್ಲಿ ಚೆಸ್, ಲೂಡೊ, ಕೇರಂ, ಇಸ್ಪೀಟು ಎಲ್ಲ ಇದೆ. ಮಂಕಾಲ ಅಂತ ಒಂದಿದೆ, ತೆರೆದು ನೋಡಿ, ನಮ್ಮ ಅಳಗುಳಿ ಮಣೆಯ ಬಳಗದ್ದೇ. ನಮ್ಮದರಲ್ಲಿ ಸಾಲಿಗೆ ಏಳು ಗುಳಿ, ಇದರಲ್ಲಿ ಆರು, ಗೆದ್ದ ಕಾಳು ಹಾಕಲು ತುದಿಯಲ್ಲಿ ಬೇರೆ ಗುಳಿ. ನೈನ್ ಮೆನ್ಸ್ ಮಾರಿಸ್ ಅಂತ ಇನ್ನೊಂದಿದೆ, ಜಗಲಿ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಆಡುತ್ತಿದ್ದ ಸಾಲುಮನೆ ಆಟ ಅದು. ಇವನ್ನೆಲ್ಲ ಪರದೆ ಮುಟ್ಟಿಯೇ ಆಡಬಹುದು, ಬಟನ್ ಬೇಕಿಲ್ಲ.

ಚೆಸ್ ಬುದ್ಧಿಗೆ ಇನ್ನೂ ಮೇವು ಬೇಕಾದರೆ ಇನ್‌ಟು ದಿ ಬ್ರೀಚ್. ಎಂಟು ಎಂಟರ ಮಣೆ, ನಿಮ್ಮ ಕಡೆ ಮೂರು ಯಂತ್ರ. ಎದುರಾಳಿ ಹುಳುಗಳು ಮುಂದೆ ಎಲ್ಲಿ ಹೊಡೆಯುತ್ತವೆ ಅನ್ನೋದನ್ನು ಆಟವೇ ಮೊದಲು ತೋರಿಸುತ್ತದೆ. ನೀವು ಯೋಚಿಸಿ ಒಂದನ್ನು ಪಕ್ಕಕ್ಕೆ ತಳ್ಳಿದರೆ ಅದರ ಏಟು ಅದರ ಜೊತೆಗಾರನಿಗೇ ಬೀಳುತ್ತದೆ. ಯೋಚಿಸಲು ಸಮಯದ ಮಿತಿ ಇಲ್ಲ. ನಡುವೆ ಕಾಫಿ ಕುಡಿದು ಬನ್ನಿ.

ಪತ್ತೇದಾರಿಗೆ ರಿಟರ್ನ್ ಆಫ್ ದಿ ಓಬ್ರಾ ಡಿನ್. 1807ನೇ ಇಸವಿ. ಕಾಣೆಯಾಗಿದ್ದ ಹಡಗು ಜನರಿಲ್ಲದೆ ವಾಪಸ್ ಬಂದಿದೆ. ನೀವು ಈಸ್ಟ್ ಇಂಡಿಯಾ ಕಂಪನಿಯ ವಿಮೆ ತಪಾಸಣೆಯವರು. ಹಡಗಿನಲ್ಲಿದ್ದ 60 ಜನ ಯಾರು, ಒಬ್ಬೊಬ್ಬರಿಗೂ ಏನಾಯಿತು ಬರೆಯಬೇಕು. ಹೆಣದ ಹತ್ತಿರ ಗಡಿಯಾರ ಹಿಡಿದರೆ ಸತ್ತ ಕ್ಷಣ ಕಣ್ಣೆದುರು ನಿಲ್ಲುತ್ತದೆ. ಭಾಷೆಯ ಧಾಟಿ, ಹಾಕಿದ ಬಟ್ಟೆ, ಮಲಗುವ ಜೋಲಿಯ ನಂಬರು, ಇದನ್ನೆಲ್ಲ ಹೊಂದಿಸಿ ಹೆಸರು ಹಚ್ಚಬೇಕು. ಮೂರು ಸರಿಯಾದಾಗ ಮಾತ್ರ ಆಟ "ಹೌದು" ಅನ್ನುತ್ತದೆ, ಹಾಗಾಗಿ ಸುಮ್ಮನೆ ಊಹೆ ಹೊಡೆಯೋದು ಕಷ್ಟ. ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಇಂಗ್ಲಿಷ್ ಓದಬೇಕು, ಅಕ್ಷರ ಸಣ್ಣ, ಟೀವಿಗೆ ಹಾಕಿಕೊಂಡರೆ ಒಳ್ಳೆಯದು. ನಾನು ಇವತ್ತು ಹೇಳಿದ ಯಾವ ಆಟದಲ್ಲೂ ಕನ್ನಡ ಇಲ್ಲ. ಬೇಜಾರಿನ ವಿಷಯ.

ಅಟ್ಟದಲ್ಲಿ ಮಾಮನ ಹಳೇ ಪಿಎಸ್‌ಪಿ ಸಿಕ್ತು. ಸೋನಿಯ ಕೈ ಗೇಮ್ ಮಷಿನ್ ಅದು, ಚಾರ್ಜ್ ಹಾಕಿಲ್ಲ ಇನ್ನೂ. ಉಪಯೋಗ ಇದೆಯಾ?
— ಬೇಲೂರು

ಚಾರ್ಜ್ ಹಾಕದೇ ಇದ್ದದ್ದು ಒಳ್ಳೇದಾಯ್ತು. ಹಿಂದಿನ ಮುಚ್ಚಳ ತೆಗೆದು ಬ್ಯಾಟರಿ ನೋಡಿ. ಉಬ್ಬಿದ್ದರೆ ಚುಚ್ಚಬೇಡಿ, ಒತ್ತಬೇಡಿ, ಹೊರಗೆ ತೆಗೆದು ಇ-ತ್ಯಾಜ್ಯಕ್ಕೆ ಕೊಡಿ. ಬ್ಯಾಟರಿ ಇಲ್ಲದೆಯೂ ಚಾರ್ಜರ್ ಮೇಲೆ ಮಷಿನ್ ಓಡುತ್ತದೆ. ಹೊಸ ಬ್ಯಾಟರಿಗೆ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ವಿಚಾರಿಸಿ.

ಆಟ ಪುಟ್ಟ ಡಿಸ್ಕ್‌ನಲ್ಲಿ ಬರುತ್ತೆ, ಯುಎಂಡಿ ಅಂತಾರೆ. ಸಿಕ್ಕರೆ ಪಟಾಪಾನ್ ಹುಡುಕಿ. ಇದು ತಾಳದ ಆಟ. ನೀವು ಡೋಲು ಬಾರಿಸುವ ದೇವರು, ಪುಟ್ಟ ಕಣ್ಣಿನ ಸೈನಿಕರು ನಿಮ್ಮ ಪೆಟ್ಟಿಗೆ ಹೆಜ್ಜೆ ಹಾಕುತ್ತಾರೆ. ಚೌಕದ ಬಟನ್ ಮೂರು ಸಲ, ದುಂಡಗಿನದು ಒಂದು ಸಲ: ಪಟ ಪಟ ಪಟ ಪಾನ್, ನಡೆಯುತ್ತಾರೆ. ಪಾನ್ ಪಾನ್ ಪಟ ಪಾನ್, ಹೊಡೆಯುತ್ತಾರೆ. ತಾಳ ತಪ್ಪಿದರೆ ಎಡವಿ ಬೀಳುತ್ತಾರೆ. ಡೊಳ್ಳು ಕುಣಿತದಲ್ಲಿ ಪಳಗಿದ ಕೈ ಮನೆಯಲ್ಲಿದ್ದರೆ ಅವರಿಗೆ ಕೊಟ್ಟು ನೋಡಿ. ಹಳೇ ಡಿಸ್ಕ್ ಸಿಗದಿದ್ದರೆ ಮೊದಲೆರಡು ಭಾಗ ಸೇರಿಸಿ 2025ರಲ್ಲಿ ಸ್ವಿಚ್‌ಗೂ ತಂದಿದ್ದಾರೆ.

ಕಾರ್ಡ್ ತಗೊಳ್ಳೋದಾ, ಡೌನ್‌ಲೋಡಾ? ಸೆಕೆಂಡ್ ಹ್ಯಾಂಡ್ ಸ್ವಿಚ್ ನೋಡುವಾಗ ಏನು ಗಮನಿಸಬೇಕು?
— ಚಿಕ್ಕಮಗಳೂರು

ಕಾರ್ಡ್. ನಮ್ಮ ದೇಶಕ್ಕೆ ನಿಂಟೆಂಡೊದ ಆನ್‌ಲೈನ್ ಅಂಗಡಿ ಇಲ್ಲ, ಬೇರೆ ದೇಶದ ಹೆಸರಲ್ಲಿ ಖಾತೆ ಮಾಡಿ ಒದ್ದಾಡಬೇಕು. ಕಾರ್ಡಿಗೆ ದೇಶದ ಬೇಲಿ ಇಲ್ಲ. ದುಬೈಯಿಂದ ತಂದದ್ದೂ ಓಡುತ್ತೆ, ಜಪಾನಿನದೂ ಓಡುತ್ತೆ (ಭಾಷೆ ಮಾತ್ರ ನೋಡಿಕೊಳ್ಳಿ). ಆಡಿ ಮುಗಿಸಿ ಮಾರಬಹುದು, ಅದಲು ಬದಲು ಮಾಡಿಕೊಳ್ಳಬಹುದು. ಡೌನ್‌ಲೋಡ್ ಮಾಡಿದ್ದೇ ಇದ್ದರೆ, ತೋಟಕ್ಕೆ ಹೊರಡುವ ಮೊದಲು ಪೇಟೆಯಲ್ಲೇ ಏರ್‌ಪ್ಲೇನ್ ಮೋಡ್ ಹಾಕಿ ಒಮ್ಮೆ ತೆರೆದು ನೋಡಿ.

ಸೆಕೆಂಡ್ ಹ್ಯಾಂಡ್ ನೋಡುವಾಗ ಸೆಟ್ಟಿಂಗ್ಸ್‌ನಲ್ಲಿ ಕಂಟ್ರೋಲರ್ ವಿಭಾಗಕ್ಕೆ ಹೋಗಿ, ಸ್ಟಿಕ್ (ಹೆಬ್ಬೆರಳಲ್ಲಿ ಆಡಿಸುವ ಪುಟ್ಟ ಕಡ್ಡಿ) ಕ್ಯಾಲಿಬ್ರೇಟ್ ಮಾಡುವ ಪುಟ ತೆರೆಯಿರಿ. ಕೈ ಬಿಟ್ಟಾಗ ಗುರುತು ನಡುವೆ ನಿಲ್ಲಬೇಕು. ತಾನೇ ಒಂದು ಕಡೆ ಎಳೆಯುತ್ತಿದ್ದರೆ ರೇಟು ಇಳಿಸಿ ಅನ್ನಿ, ಇಲ್ಲವೇ ಬಿಟ್ಟು ಬನ್ನಿ.

ಸ್ವಿಚ್ 2 ತಗೊಳ್ಳುವವರು ಪೆಟ್ಟಿಗೆಯ ಮುಂಭಾಗ, ಕೆಳಗಡೆ ಓದಿ. ಕೆಲವದರ ಮೇಲೆ "ಗೇಮ್ ಕೀ ಕಾರ್ಡ್" ಅಂತ ಇರುತ್ತೆ. ಅದರೊಳಗೆ ಆಟವೇ ಇರಲ್ಲ, ಬರೀ ಬೀಗದ ಕೈ. ಆಟವನ್ನು ನೆಟ್‌ನಿಂದಲೇ ಇಳಿಸಿಕೊಳ್ಳಬೇಕು. ಕಳಸ, ಬಾಳೆಹೊನ್ನೂರು ಕಡೆಯ ಒಳಗಿನ ಊರಿನವರು ಇದನ್ನು ಎರಡು ಸಲ ನೋಡಿ ತಗೊಳ್ಳಿ. ಹಳೇ ಸ್ವಿಚ್‌ನ ಕಾರ್ಡುಗಳು ಹೆಚ್ಚಿನವು ಇದರಲ್ಲೂ ಓಡುತ್ತವೆ, ಇರೋದನ್ನು ಮಾರಿಬಿಡಬೇಡಿ.