ಕೆಲಸ ಬಿಟ್ಟು ಕಿರುಚಿತ್ರ ಮಾಡಲಾ?

ಕೆಲಸ ಬಿಟ್ಟು ಪೂರ್ತಿ ಕಿರುಚಿತ್ರಕ್ಕೇ ಇಳಿಯಲಾ, ಯೂಟ್ಯೂಬ್ ದುಡ್ಡಲ್ಲಿ ಜೀವನ ಸಾಗುತ್ತಾ ಅಂತ ಕೇಳಿದ್ದೀರಿ. ಈಗಲೇ ಬಿಡಬೇಡಿ. ಜಾಹೀರಾತಿನ ಪಾಲು ಸಿಗಲು 1000 ಚಂದಾದಾರರ ಜೊತೆ ಒಂದು ವರ್ಷದಲ್ಲಿ 4000 ಗಂಟೆ ವೀಕ್ಷಣೆ ಬೇಕು, ಅಂದ್ರೆ ನಿಮ್ಮ 12 ನಿಮಿಷದ ಚಿತ್ರವನ್ನು ಜನ 20,000 ಸಲ ಕೊನೆವರೆಗೂ ನೋಡಬೇಕು. ಅದಾದ ಮೇಲೂ ಬರುವ ದುಡ್ಡಲ್ಲಿ ಮನೆ ಬಾಡಿಗೆ ಕಟ್ಟೋದು ಕಷ್ಟ.

ನಾನು ಮದುವೆ ವಿಡಿಯೊ ಎಡಿಟ್ ಮಾಡಿ ಮನೆ ನಡೆಸುತ್ತೇನೆ, ವರ್ಷಕ್ಕೆ ಒಂದೇ ಚಿತ್ರ ಮಾಡುತ್ತೇನೆ. ಹೋದ ಸಲ ಅಜ್ಜಿಯ ಅಡುಗೆಮನೆಯಲ್ಲೇ ಎರಡು ದಿನ ಶೂಟ್ ಮಾಡಿದೆವು. ಬೆಳಕಿಗೆ ಹಿತ್ತಿಲ ಬಾಗಿಲು ತೆರೆದಿಟ್ಟು ಅದಕ್ಕೊಂದು ಬಿಳಿ ಪಂಚೆ ಇಳಿಬಿಟ್ಟಿದ್ದು, ಅಷ್ಟೇ. ಕ್ಯಾಮೆರಾ ಗೆಳೆಯನದ್ದು. ದುಡ್ಡು ಹೋಗಿದ್ದು ಮೈಕಿಗೆ ಮತ್ತು ಎಲ್ಲರ ಊಟಕ್ಕೆ, ಇವೆರಡರಲ್ಲಿ ಮಾತ್ರ ಕೈ ಬಿಗಿ ಮಾಡಬೇಡಿ. ದೃಶ್ಯ ಸ್ವಲ್ಪ ಮಸುಕಾದರೂ ಜನ ನೋಡುತ್ತಾರೆ, ಮಾತು ಕೇಳಿಸದಿದ್ದರೆ ಎದ್ದು ಹೋಗುತ್ತಾರೆ.

ಚಿತ್ರೋತ್ಸವಕ್ಕೆ ಕಳಿಸುವ ಮೊದಲೇ ಆನ್‌ಲೈನ್‌ಗೆ ಹಾಕಬೇಡಿ, ಕೆಲವು ಕಡೆ ಅದೇ ಕಾರಣಕ್ಕೆ ತಗೊಳ್ಳಲ್ಲ. 2024ರಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದ ಲಾ ಸಿನೆಫ್‌ನಲ್ಲಿ (ಸಿನಿಮಾ ಶಾಲೆಯ ವಿದ್ಯಾರ್ಥಿಗಳ ಚಿತ್ರಗಳ ವಿಭಾಗ) ಮೊದಲ ಬಹುಮಾನ ಪಡೆದ ಚಿದಾನಂದ ನಾಯ್ಕ್ ಅವರ ಕನ್ನಡ ಕಿರುಚಿತ್ರ ಕೂಡ ನಾಲ್ಕೇ ದಿನದಲ್ಲಿ ಶೂಟ್ ಆಗಿದ್ದು. ಜಾಸ್ತಿ ದಿನ ಬೇಕಾಗಿಲ್ಲ, ತಯಾರಿ ಬೇಕು.

ನಿಮ್ಮ ಕಥೆ ಎಲ್ಲಿ ನಡೆಯುತ್ತೆ ಹೇಳಿ. ಹಾಸನದ ಸುತ್ತಮುತ್ತ ಆದರೆ ಮೈಕ್ ನಾನೇ ಕೊಡುತ್ತೇನೆ.