ಟಾರ್ಟುಗಾ ಬೇ: ಗೈಡ್ ಬೇಡ, ನೀರಿನ ಬಾಟಲಿ ಬೇಕೇ ಬೇಕು

ಎಕ್ವಡಾರ್ ದೇಶದ ಗಾಲಾಪಗೋಸ್ ದ್ವೀಪಗಳಿಗೆ ಹೊರಟಿದ್ದೀರಿ, ಹಡಗಿನ ಪ್ಯಾಕೇಜಿಗೆ ಅಷ್ಟೊಂದು ದುಡ್ಡಿಲ್ಲ. ಸಾಂತಾ ಕ್ರೂಜ್ ದ್ವೀಪದ ಟಾರ್ಟುಗಾ ಬೇ ಬೀಚಿಗೆ ನೀವೇ ಹೋದರೆ ಪ್ರಾಣಿಗಳು ಕಾಣಿಸುತ್ತವಾ ಅಂತ ಕೇಳಿದ್ದೀರಿ. ಕಾಣಿಸುತ್ತವೆ. ನನಗಂತೂ ಕಾಣಿಸುವ ಮೊದಲೇ ಒಂದು ಕಾಲಿಗೆ ಸಿಗುವುದರಲ್ಲಿತ್ತು, ಅದನ್ನು ಆಮೇಲೆ ಹೇಳುತ್ತೇನೆ.

ಈ ಬೀಚಿಗೆ ಗೈಡ್ ಕಡ್ಡಾಯವಲ್ಲ, ಬೇರೆ ಟಿಕೆಟ್ಟೂ ಇಲ್ಲ. ಖರ್ಚೆಲ್ಲ ದ್ವೀಪಕ್ಕೆ ಕಾಲಿಡುವಾಗಲೇ ಆಗಿರುತ್ತದೆ. 2024ರ ಆಗಸ್ಟ್‌ನಿಂದ ನಮ್ಮಂಥ ವಿದೇಶಿಯರಿಗೆ ಗಾಲಾಪಗೋಸ್ ರಾಷ್ಟ್ರೀಯ ಉದ್ಯಾನದ ಪ್ರವೇಶ ಶುಲ್ಕ 200 ಡಾಲರ್. ಮೊದಲು ಇದರ ಅರ್ಧ ಇತ್ತು. ನೋಟುಗಳನ್ನೇ ಇಟ್ಟುಕೊಳ್ಳಿ. ಎಕ್ವಡಾರ್‌ನಲ್ಲಿ ಅಮೆರಿಕನ್ ಡಾಲರೇ ನಡೆಯುವುದರಿಂದ ಬದಲಾಯಿಸುವ ತಲೆನೋವಿಲ್ಲ.

ಸಾಂತಾ ಕ್ರೂಜ್‌ನ ಪುವೆರ್ಟೊ ಅಯೋರಾ ಊರಿನ ಅಂಚಿನಲ್ಲಿ ಒಂದು ಚಿಕ್ಕ ಕಚೇರಿ ಇದೆ. ಅಲ್ಲಿ ಹೆಸರು ಬರೆದು ನಡೆಯಲು ಶುರು ಮಾಡಬೇಕು. ಸುಮಾರು 2.5 ಕಿಲೋಮೀಟರ್ ಕಲ್ಲು ಹಾಸಿದ ದಾರಿ. ಎರಡೂ ಕಡೆ ಮರದಷ್ಟು ಎತ್ತರ ಬೆಳೆದ ಪಾಪಸುಕಳ್ಳಿ. ಮುಳ್ಳು ಗಿಡಕ್ಕೂ ಕಾಂಡ ಇರುತ್ತದೆ ಅಂತ ನನಗೆ ಗೊತ್ತಾಗಿದ್ದೇ ಅಲ್ಲಿ! ನೆರಳು ಮಾತ್ರ ಕಡಿಮೆ. ಭೂಮಧ್ಯರೇಖೆಯ ಬಿಸಿಲು, ಬೀಚಿನಲ್ಲಿ ಅಂಗಡಿಯಾಗಲಿ ಕುಡಿಯುವ ನೀರಾಗಲಿ ಇಲ್ಲ. ಬೆಳಿಗ್ಗೆ ಬೇಗ ಹೊರಡಿ, ನೀರು ಜಾಸ್ತಿ ಒಯ್ಯಿರಿ.

ದಾರಿ ಮುಗಿದ ಕಡೆ ಸಿಗುವುದು ಪ್ಲಾಯಾ ಬ್ರಾವಾ. ಬಿಳಿ ಮರಳು, ನೋಡಿದ ತಕ್ಷಣ ನೀರಿಗೆ ಹಾರೋಣ ಅನಿಸುತ್ತದೆ. ಹಾರಬೇಡಿ. ಒಳಸೆಳೆತ ಜೋರು, ಅಲ್ಲಿ ಈಜುವಂತಿಲ್ಲ. ದಡದ ಗುಂಟ ಕೊನೆಯವರೆಗೂ ನಡೆದರೆ ಮ್ಯಾಂಗ್ರೋವ್ ಗಿಡಗಳ ಆಚೆ ಪ್ಲಾಯಾ ಮಾನ್ಸಾ ಇದೆ. ನೀರು ಕೆರೆಯ ಹಾಗೆ ಅಲೆಯಿಲ್ಲದೆ ನಿಂತಿರುತ್ತದೆ. ಈಜು ಅಲ್ಲಿ. ನಡೆಯುವಾಗ ಮರಳಿನ ದಿಬ್ಬಗಳನ್ನು ಮಾತ್ರ ಹತ್ತಬೇಡಿ. ಸ್ಪ್ಯಾನಿಷ್‌ನಲ್ಲಿ ಟಾರ್ಟುಗಾ ಅಂದರೆ ಆಮೆ. ಹೆಸರು ಸುಮ್ನೆ ಬಂದಿಲ್ಲ, ಹಸಿರು ಕಡಲಾಮೆಗಳು ಇಲ್ಲಿ ಮರಳಿನಲ್ಲಿ ಮೊಟ್ಟೆ ಇಡುತ್ತವೆ.

ಈಗ ನನ್ನ ಕಥೆ. ಎರಡು ಬೀಚುಗಳ ನಡುವೆ ಕಪ್ಪು ಲಾವಾ ಬಂಡೆಗಳಿವೆ. ಕೂತು ಸುಧಾರಿಸಿಕೊಳ್ಳೋಣ ಅಂತ ಹೋದೆ. ಕಾಲಿಡಬೇಕಿದ್ದ ಕಲ್ಲು ಸೀನಿತು! ಮೊಣಕಾಲಿಗೆ ಉಪ್ಪುನೀರು ಸಿಡಿಯಿತು. ಕಲ್ಲಲ್ಲ, ಕಡಲ ಇಗ್ವಾನಾ ಅನ್ನುವ ದೊಡ್ಡ ಹಲ್ಲಿ. ಒಂದು ಹೆಜ್ಜೆ ಮುಂದಿಟ್ಟಿದ್ದರೆ ಅದರ ಬಾಲದ ಮೇಲೆ ನಿಲ್ಲುತ್ತಿದ್ದೆ. ಕಣ್ಣು ಪಳಗಿದ ಮೇಲೆ ನೋಡಿದರೆ ಸುತ್ತ ಹತ್ತಾರು ಬಿದ್ದಿದ್ದವು, ಒಂದರ ಮೇಲೊಂದು, ಒಣಗಲು ಹಾಕಿದ ಬಟ್ಟೆಯ ಹಾಗೆ.

ಉಗಿದದ್ದು ಸಿಟ್ಟಿಗೆ ಅಂದುಕೊಂಡಿದ್ದೆ. ಅಲ್ಲವಂತೆ. ಜಗತ್ತಿನಲ್ಲಿ ಕಡಲಿಗಿಳಿದು ಪಾಚಿ ಮೇಯುವ ಹಲ್ಲಿ ಜಾತಿ ಇದೊಂದೇ. ಹೊಟ್ಟೆಗೆ ಹೋದ ಉಪ್ಪನ್ನು ಮೂಗಿನ ಬಳಿಯ ಗ್ರಂಥಿಗಳು ಬೇರ್ಪಡಿಸುತ್ತವೆ, ಅದು ಸೀನಿ ಹೊರಹಾಕುತ್ತದೆ. ತಲೆಯ ಮೇಲಿನ ಬಿಳಿ ಪುಡಿ ಒಣಗಿದ ಉಪ್ಪು. ತಣ್ಣೀರಿನಿಂದ ಬಂದಾಗ ಮೈ ಮರಗಟ್ಟಿರುತ್ತದೆ, ಬಿಸಿಲಿಗೆ ಬಿದ್ದು ಕಾಯಿಸಿಕೊಳ್ಳಲೇಬೇಕು. ಫೋಟೋಗೆ ಅಂತ ನಾವು ಅಡ್ಡ ನಿಂತರೆ ಅದರ ಬಿಸಿಲನ್ನೇ ಕದ್ದ ಹಾಗೆ, ಅಲ್ವಾ?

ಇಲ್ಲಿನ ಪ್ರಾಣಿಗಳು ನಮ್ಮನ್ನು ನೋಡಿ ಓಡುವುದಿಲ್ಲ. ನೆಲದ ಮೇಲೆ ಬೇಟೆಯಾಡುವ ದೊಡ್ಡ ಪ್ರಾಣಿಗಳೇ ಇಲ್ಲದ ಕಡೆ ಬೆಳೆದ ಜಾತಿಗಳು, ಹೆದರಿಕೆ ಕಲಿತಿಲ್ಲ. ಹಾಗಾಗಿ ಜಾಗ ಬಿಡಬೇಕಾದವರು ನಾವೇ. ಕನಿಷ್ಠ 2 ಮೀಟರ್ ದೂರ ಅನ್ನುವುದು ನಿಯಮ. ಹಕ್ಕಿಯೋ ಇಗ್ವಾನಾವೋ ತಾನಾಗಿ ಹತ್ತಿರ ಬಂದರೆ ನೀವೇ ಎದ್ದು ಹಿಂದೆ ಸರಿಯಿರಿ. ಫ್ಲ್ಯಾಶ್ ಬೇಡ, ತಿಂಡಿ ಹಾಕುವುದಂತೂ ಬೇಡವೇ ಬೇಡ.

ಒಂದು ಮಾತು. ಕಡಲಸಿಂಹ ನೋಡಲೇಬೇಕು ಅಂತಿದ್ದರೆ ಈ ಬೀಚನ್ನು ನಂಬಬೇಡಿ. ಸಾನ್ ಕ್ರಿಸ್ಟೋಬಲ್ ದ್ವೀಪಕ್ಕೆ ಹೋಗಿ, ಅಲ್ಲಿ ಊರಿನ ಬೆಂಚುಗಳ ಮೇಲೂ ಮಲಗಿರುತ್ತವೆ. ಜೂನ್‌ನಿಂದ ನವೆಂಬರ್ ನಡುವೆ ಹೋಗುವುದಾದರೆ ನೀರು ತಣ್ಣಗಿರುತ್ತದೆ, ಮೋಡವೂ ಜಾಸ್ತಿ.

ಸಂಜೆ ದಾರಿ ಮುಚ್ಚುತ್ತಾರೆ. ವಾಪಸ್ ನಡೆಯಲು ಮುಕ್ಕಾಲು ಗಂಟೆಯಾದರೂ ಇಟ್ಟುಕೊಂಡು ಹೊರಡಿ. ಕಚೇರಿಯ ಪುಸ್ತಕದಲ್ಲಿ ಹೊರಬಂದದ್ದನ್ನೂ ಬರೆಯಿರಿ, ಇಲ್ಲದಿದ್ದರೆ ನೀವಿನ್ನೂ ಒಳಗೇ ಇದ್ದೀರಿ ಅಂದುಕೊಳ್ಳುತ್ತಾರೆ.